ದೊಡ್ಡಮ್ಮ ಹಿಮಕ್ಕೆ ಬೈದದ್ದು

ನಮ್ಮ ದೊಡ್ಡಮ್ಮನಿಗೆ ಸಿಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಸಿಟ್ಟು ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ! ದೊಡ್ಡಮ್ಮನ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮೂಗು, ಕಿವಿಗಳ ಹಾಗೆ ಹುಟ್ಟುವಾಗಲೇ ಜೊತೆಗೆ ಬಂದದ್ದು ಅದು. ಸೂಲಗಿತ್ತಿ ಬೆನ್ನು ತಟ್ಟಿದಾಗ ಊರಿನ ಉಳಿದ ಶಿಶುಗಳೆಲ್ಲ ಅತ್ತವು, ಇವರು ಮಾತ್ರ ಗದರಿಸಿದರು ಎಂದು ನಮ್ಮ ಮನೆಯಲ್ಲಿ ಹೇಳುವುದುಂಟು. ನಾನು ಪೂರ್ತಿ ನಂಬುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯಲು ಕೂತಿರುವ ನಾನೂ ಸಿಟ್ಟಿನಲ್ಲೇ ಇದ್ದೇನೆ. ಹಿಮದ ಬೆಟ್ಟ ನೋಡಬೇಕೆಂದು ಎಷ್ಟೋ ಕಾಲ ಆಸೆಪಟ್ಟು, ಆಫೀಸಿನ ಮುದೀರನ, ಎಂದರೆ ಮ್ಯಾನೇಜರನ, ಮುಂದೆ ಕೈಕಟ್ಟಿ ನಿಂತು ರಜೆ ಗಿಟ್ಟಿಸಿಕೊಂಡು ಹೋದ ಪ್ರವಾಸವನ್ನು ಒಬ್ಬರು ಮನಸ್ಸಿಟ್ಟು ಕೆಡಿಸಿದರೆ ನಿಮಗಾದರೂ ಸಿಟ್ಟು ಬರುವುದಿಲ್ಲವೆ? ನನಗೆ ಬಂತು. ಬಂದದ್ದು ಇನ್ನೂ ಪೂರ್ತಿ ಹೋಗಿಲ್ಲ. ವಂಶದ ಗುಣ ಇರಬೇಕು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಕಾಪು ಕಡೆಯವರು. ಕಪ್ಪು ಕೂದಲಿನ ಹುಡುಗಿಯಾಗಿ ಕುವೈತ್‌ಗೆ ನರ್ಸ್ ಕೆಲಸಕ್ಕೆ ಬಂದವರು, ಈಗ ತಲೆ ಹತ್ತಿಯ ಹಾಗೆ ಬೆಳ್ಳಗಾಗಿದೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರು ನಮ್ಮ ಬಳಗದಲ್ಲಿ ಯಾರೂ ಇಲ್ಲ, ಕೇಳುವ ಧೈರ್ಯವಿದ್ದವರು ಇನ್ನೂ ಹುಟ್ಟಿಲ್ಲ. ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಮುಖ್ಯಸ್ಥೆ. ಅವರ ವಾರ್ಡಿನಲ್ಲಿ ರೋಗಿಗಳು ಬೇಗ ಗುಣವಾಗುತ್ತಾರೆ ಎಂಬ ಹೆಸರಿದೆ. ಗುಣವಾಗದೆ ಏನು ಮಾಡುತ್ತಾರೆ, ಪಾಪ! ಇನ್ನೊಂದು ದಿನ ಅಲ್ಲಿ ಮಲಗಿ ಅವರ ಬಾಯಿಗೆ ಬೀಳುವುದಕ್ಕಿಂತ ಎದ್ದು ಮನೆಗೆ ಹೋಗುವುದೇ ಸುಲಭ.

ಬ್ನೇದ್ ಅಲ್ ಗಾರ್ ಬಡಾವಣೆಯ ಒಂದು ಹಳೆಯ ಕಟ್ಟಡದಲ್ಲಿ ಅವರ ಮನೆ, ಅದರ ಕೆಳಗಿನ ಮಹಡಿಯಲ್ಲಿ ನಮ್ಮದು. ನಾವು ಹವಾಮಾನ ವರದಿ ನೋಡುವುದಿಲ್ಲ. ಮೇಲಿನಿಂದ ಕೇಳುವ ಚಪ್ಪಲಿಯ ಸದ್ದೇ ಸಾಕು. ನನ್ನನ್ನು ಕುವೈತ್‌ಗೆ ಕರೆಸಿಕೊಂಡದ್ದು ಅವರೇ, ಅವರ ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಹುಬ್ಬಳ್ಳಿಯ ಹುಡುಗಿಯನ್ನು ನನಗೆ ಗಂಟುಹಾಕಿದ್ದೂ ಅವರೇ. "ಈ ಹುಡುಗಿ ಒಳ್ಳೆಯವಳು, ನೀನೊಂದು ದಂಡ. ಆದ್ರೂ ಪರವಾಗಿಲ್ಲ, ಮಾಡಿಕೊ" ಎಂದು ಆಶೀರ್ವದಿಸಿದ್ದರು.

ಅವರು ಜೀವನದಲ್ಲಿ ಕಲಿತದ್ದೆಲ್ಲ ಸಿಟ್ಟಿನಿಂದಲೇ. ಬಂದ ಹೊಸತರಲ್ಲಿ ಒಬ್ಬ ರೋಗಿ ಇವರನ್ನು ತೋರಿಸಿ ಅರಬ್ಬಿಯಲ್ಲಿ ಏನೋ ಹೇಳಿದನಂತೆ, ಪಕ್ಕದ ಹಾಸಿಗೆಯವನು ನಕ್ಕನಂತೆ. ಅಷ್ಟೇ! ಅವನಿಗೆ ಉತ್ತರ ಕೊಡಲಿಕ್ಕೆಂದೇ ಹಠ ಹಿಡಿದು ಅರಬ್ಬಿ ಕಲಿತರು. ಕಲಿಯುವಷ್ಟರಲ್ಲಿ ಅವನು ಗುಣವಾಗಿ ಹೋಗಿದ್ದ. ಆ ಉತ್ತರವನ್ನು ಈಗಲೂ ಊರಿನವರಿಗೆಲ್ಲ ಹಂಚುತ್ತಿದ್ದಾರೆ.

ಕಾರು ಕಲಿತ ಕಥೆಯೂ ಅದೇ. ಕಲಿಸಲು ಬಂದ ಪಾಕಿಸ್ತಾನದ ಭಾಯಿಯೊಬ್ಬ ಒಂದು ಸಂಜೆ ಬಹಳ ವಿನಯದಿಂದ, "ಆಪಾ, ಯೇ ಆಪ್ ಸೆ ನಹೀಂ ಹೋಗಾ" ಎಂದ, ಇದು ನಿಮ್ಮಿಂದ ಆಗದು ಅಕ್ಕಾ ಎಂದು. ಅವನು ಮನೆಗೆ ಹೋಗಿ ಹೆಂಡತಿಯ ಹತ್ತಿರ ಏನು ಹೇಳಿದನೋ ತಿಳಿಯದು. ದೊಡ್ಡಮ್ಮ ಲೈಸೆನ್ಸ್ ಪಡೆದ ದಿನ ಕಾರನ್ನು ನೇರ ಅವನ ಮನೆಯ ಮುಂದೆ ಒಯ್ದು ಹಾರ್ನ್ ಒತ್ತಿ ಹಿಡಿದರು. ಅವನು ಬಾಲ್ಕನಿಗೆ ಬಂದು ಸಲಾಂ ಹೊಡೆಯುವವರೆಗೆ ಬಿಡಲಿಲ್ಲ.

ಆದ್ದರಿಂದ ಅವರ ಮುಂದೆ ಹೇಳಬಾರದ ಮಾತು ಒಂದೇ. "ಆಗ್ಲಿಕ್ಕಿಲ್ಲ." ಇದು ಕಟ್ಟಡದ ಕಾವಲುಗಾರನಿಗೂ ಗೊತ್ತು. ಆದರೂ ನನ್ನ ನಾಲಿಗೆ ಜಾರಿತು.

ಫೆಬ್ರವರಿ ಕೊನೆಯಲ್ಲಿ ಇಲ್ಲಿ ರಾಷ್ಟ್ರೀಯ ಹಬ್ಬದ ರಜೆ. ಮಕ್ಕಳೆಲ್ಲ ಸಮುದ್ರದ ಬದಿಯ ರಸ್ತೆಯಲ್ಲಿ ನಿಂತು ಹೋಗಿಬರುವ ಕಾರುಗಳಿಗೆ ನೀರು ತುಂಬಿದ ಬಲೂನು ಎಸೆಯುತ್ತಾರೆ. ಹಿಂದೊಮ್ಮೆ ಒಂದು ಬಲೂನು ದೊಡ್ಡಮ್ಮನ ಕಾರಿನ ಕಿಟಕಿಯಿಂದ ಒಳಗೆ ಬಂದು ಅವರ ಮಡಿಲಲ್ಲೇ ಒಡೆದಿತ್ತು. ಎಸೆದವನನ್ನು ಹಿಡಿದು ಕಾರು ಒರೆಸಲು ಹಚ್ಚಿದರು. ಬಿಡಿಸಲು ಬಂದ ಅವನ ಅಪ್ಪನ ಕೈಗೂ ಒಂದು ಬಟ್ಟೆ ಕೊಟ್ಟರು. ಅಂದಿನಿಂದ ಆ ರಜೆಯಲ್ಲಿ ಕುವೈತ್‌ನಲ್ಲಿ ಇರುವುದೇ ಬೇಡ ಎಂಬುದು ಅವರ ಪ್ರತಿಜ್ಞೆ. ನಾನೂ ನನ್ನ ಹೆಂಡತಿಯೂ ಆ ರಜೆಗೆ ಜಾರ್ಜಿಯಾ ದೇಶಕ್ಕೆ ಹೋಗುವ ಯೋಜನೆ ಹಾಕಿದೆವು. ಕುವೈತ್‌ನಿಂದ ಹೋಗುವವರೆಲ್ಲ ಅಲ್ಲಿನ ದೊಡ್ಡ ಊರುಗಳಲ್ಲೇ ತಿರುಗಿ ಬರುತ್ತಾರೆ. ನಾವು ಸ್ವಲ್ಪ ಬೇರೆ! ಬಡಗಣ ಮೂಲೆಯಲ್ಲಿ ಸ್ವಾನೇತಿ ಎಂಬ ಬೆಟ್ಟಗಳ ಸೀಮೆಯಿದೆ, ಬರೀ ಹಳ್ಳಿಗಳು, ಅಲ್ಲಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿಸುತ್ತಾರೆ ಎಂದು ತಿಳಿದು ಅಲ್ಲಿಗೇ ಹೊರಟೆವು. ಇದನ್ನು ದೊಡ್ಡಮ್ಮನಿಗೆ ಹೇಳದೆ ಹೋಗುವಂತಿಲ್ಲವಲ್ಲ. ಹೇಳಿದೆ. ಹೇಳಿ ಸುಮ್ಮನಿರಬಾರದಿತ್ತೆ?

"ನೀವೂ ಬರಬಹುದಿತ್ತು ದೊಡ್ಡಮ್ಮ. ಆದ್ರೆ ಅಲ್ಲಿಯ ಚಳಿ ನಿಮಗೆ ಆಗ್ಲಿಕ್ಕಿಲ್ಲ."

ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ಎಂತ ಹೇಳಿದ್ದು ನೀನು?"

"ಏನಿಲ್ಲ ದೊಡ್ಡಮ್ಮ..."

"ಟಿಕೆಟ್ ಮಾಡು. ನನಗೂ. ಆ ಜಾರುವುದನ್ನೂ ಮಾಡ್ತೇನೆ."

ಮೆಟ್ಟಿಲಿಳಿಯುವಾಗ ಹೆಂಡತಿ ಹೇಳಿದಳು, "ಬಾಯಾಗ ಸ್ವಲ್ಪ ಅಕ್ಕಿ ಹಾಕ್ಕೊಂಡ್ ಕೂಡಬೇಕಾಗಿತ್ರೀ ನೀವು."

ವಿಮಾನದಲ್ಲಿ ಅವರು ಗಗನಸಖಿಗೆ ಬೈದದ್ದು, ರೈಲಿನಲ್ಲಿ ಕಿಟಕಿಗೆ ಬೈದದ್ದು ಎಲ್ಲ ಬಿಡುತ್ತೇನೆ. ಜುಗ್ದಿದಿ ಎಂಬ ಊರಿನಿಂದ ಮೇಲಕ್ಕೆ ಕಾರಿನಲ್ಲಿ ಹೋಗಬೇಕು. ಗಿಯಾ ಎಂಬ ಚಾಲಕ ಬಂದಿದ್ದ. ನಲವತ್ತು ದಾಟಿದ, ಗಡ್ಡದ, ಮಿತಭಾಷಿ. ನಾವು ಇಳಿದುಕೊಳ್ಳಬೇಕಾದ ಅತಿಥಿಗೃಹ ಅವನ ತಾಯಿಯದೇ. ಅವನಿಗೆ ಹರಕು ಇಂಗ್ಲಿಷ್ ಬರುತ್ತಿತ್ತು. ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಕೂತರು. ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಪಾತಾಳ, ನಡುವೆ ರಸ್ತೆ, ರಸ್ತೆಯ ನಡುವೆ ಹಸುಗಳು. ಇದು ಸಾಲದೆಂದು ಆ ದೇಶದಲ್ಲಿ ಇಗರ್ಜಿ ಕಂಡಲ್ಲೆಲ್ಲ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುವ ಪದ್ಧತಿ. ಅಲ್ಲಿ ತಿರುವಿಗೊಂದು ಇಗರ್ಜಿ! ಗಿಯಾ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಶಿಲುಬೆ. ಸ್ಟೀರಿಂಗಿನಲ್ಲಿ ದೇವರ ಕೈ ಮಾತ್ರ.

"ಎರಡೂ ಕೈ!" ಎಂದು ದೊಡ್ಡಮ್ಮ ಚೀರಿದರು. ಕನ್ನಡದಲ್ಲಿ. ಗಿಯಾನಿಗೆ ತಕ್ಷಣ ಅರ್ಥವಾಯಿತು. ಅವರ ಬೈಗುಳಕ್ಕೆ ಅನುವಾದ ಬೇಕಾಗುವುದಿಲ್ಲ ಎಂಬುದನ್ನು ನಾನು ಜಗತ್ತಿನ ಅನೇಕ ಜನಾಂಗಗಳ ಮೇಲೆ ಪರೀಕ್ಷಿಸಿ ನೋಡಿದ್ದೇನೆ. ಆಮೇಲೆ ಅವನು ಇಗರ್ಜಿ ಬಂದಾಗಲೆಲ್ಲ ಗಲ್ಲ ಎತ್ತಿ ಗಡ್ಡದಿಂದಲೇ ನಮಸ್ಕರಿಸತೊಡಗಿದ.

ಸಂಜೆಯ ಹೊತ್ತಿಗೆ ಮೆಸ್ತಿಯಾ ತಲುಪಿದೆವು. ಗಿಯಾ ಕಾರು ನಿಲ್ಲಿಸಿ ಎದೆಯುಬ್ಬಿಸಿ ಹೇಳಿದ, "ಸ್ವಾನೇತಿಯ ರಾಜಧಾನಿ!"

ಒಂದು ಚೌಕ. ನಾಲ್ಕಾರು ಅಂಗಡಿ. ಒಂದು ಬ್ಯಾಂಕು, ಒಂದು ಔಷಧದಂಗಡಿ. ಚೌಕದ ನಡುವೆ ಒಂದು ಹಂದಿ ತನ್ನ ಸಂಸಾರ ಸಮೇತ ರಸ್ತೆ ದಾಟುತ್ತಿತ್ತು. ಸುತ್ತ ಆಕಾಶಕ್ಕೆ ತಾಗುವ ಬಿಳಿ ಬೆಟ್ಟಗಳು. ನಾನೂ ಹೆಂಡತಿಯೂ ಮೂಕರಾಗಿ ನಿಂತೆವು. ದೊಡ್ಡಮ್ಮ ನಿಲ್ಲಲಿಲ್ಲ.

"ಇದಾ ರಾಜಧಾನಿ? ನಮ್ಮ ಕಾಪು ಪೇಟೆಯಲ್ಲಿ ಇದಕ್ಕಿಂತ ಹೆಚ್ಚು ಅಂಗಡಿ ಉಂಟು! ಮಂತ್ರಿ ಎಲ್ಲಿ ಕೂತುಕೊಳ್ಳುದು, ಆ ಹಂದಿಯ ಹತ್ತಿರವಾ?"

ಊರಿನ ತುಂಬ ಕಲ್ಲಿನ ಎತ್ತರದ ಗೋಪುರಗಳಿದ್ದವು, ಮನೆಗೊಂದರಂತೆ, ಕಿಟಕಿಯಿಲ್ಲದವು. ಏನಿವು ಎಂದು ನನ್ನ ಹೆಂಡತಿ ಕೇಳಿದಳು. ಹಿಂದಿನ ಕಾಲದಲ್ಲಿ ಇಲ್ಲಿ ಮನೆಮನೆಗಳ ನಡುವೆ ತಲೆಮಾರುಗಳ ಹಗೆ ನಡೆಯುತ್ತಿತ್ತು, ಜಗಳವಾದಾಗ ಇಡೀ ಕುಟುಂಬ ಗೋಪುರದೊಳಗೆ ಹೋಗಿ ಕೂರುತ್ತಿತ್ತು ಎಂದು ಗಿಯಾ ವಿವರಿಸಿದ. ನಾನು ಅನುವಾದಿಸಿದೆ. ದೊಡ್ಡಮ್ಮ ಅಂದು ಮೊದಲ ಸಲ ತಲೆಯೆತ್ತಿ ಒಂದು ವಸ್ತುವನ್ನು ಗೌರವದಿಂದ ನೋಡಿದರು.

"ಸಿಟ್ಟಿಗೇ ಕಟ್ಟಿದ್ದಾ ಇದು?"

"ಹೌದು ದೊಡ್ಡಮ್ಮ."

"ಒಳ್ಳೆ ಜನ" ಎಂದರು.

ಗಿಯಾನ ಮನೆ ಮೆಸ್ತಿಯಾದಿಂದ ಇನ್ನೂ ಮೇಲೆ, ಒಂದು ಸಣ್ಣ ಹಳ್ಳಿಯಲ್ಲಿ. ಅವನ ತಾಯಿಯನ್ನು ಎಲ್ಲರೂ ಬೆಬಿಯಾ ಎನ್ನುತ್ತಿದ್ದರು, ಎಂದರೆ ಅಜ್ಜಿ. ಕಪ್ಪು ಬಟ್ಟೆ, ಕಪ್ಪು ತಲೆವಸ್ತ್ರ, ಬಾಗಿಲ ತುಂಬ ನಿಂತಿದ್ದ ಗಟ್ಟಿ ಹೆಂಗಸು. ಹೊಸ್ತಿಲಲ್ಲಿ ಅವರೂ ದೊಡ್ಡಮ್ಮನೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಹೆಂಡತಿಯ ಕೈ ಹಿಡಿದುಕೊಂಡೆ. ಎದುರು ಬದುರು ಎರಡು ಲಾರಿ ಬಂದಾಗ ಪಾದಚಾರಿ ಮಾಡುವುದು ಇನ್ನೇನು?

ಮೊದಲ ಯುದ್ಧ ಆ ಸಂಜೆಯೇ ಆಯಿತು. ಬೆಬಿಯಾ ಮಾಂಸ ತುಂಬಿದ ದಪ್ಪ ರೊಟ್ಟಿ ಮಾಡಿದ್ದರು. ಅಂದು ಸೋಮವಾರ. ದೊಡ್ಡಮ್ಮ ಸೋಮವಾರ ಮಾಂಸ ಮುಟ್ಟುವುದಿಲ್ಲ. ಬೆಬಿಯಾ ತಟ್ಟೆಯನ್ನು ಮುಂದಕ್ಕೆ ತಳ್ಳಿದರು, ದೊಡ್ಡಮ್ಮ ಹಿಂದಕ್ಕೆ ತಳ್ಳಿದರು. ತಟ್ಟೆ ಮೇಜಿನ ಮೇಲೆ ಕೇರಂ ಕಾಯಿಯ ಹಾಗೆ ಓಡಾಡಿತು. ಕೊನೆಗೆ ಬೆಬಿಯಾ ಬರೀ ಆಲೂಗಡ್ಡೆ ಬೇಯಿಸಿ ತಂದು ಮೇಜಿಗೆ ಕುಕ್ಕಿದರು. ದೊಡ್ಡಮ್ಮ ತಿಂದು, "ಉಪ್ಪು ಹೆಚ್ಚು" ಎಂದರು.

ಎರಡನೆಯ ಯುದ್ಧ ಮರುದಿನ ಬೆಳಿಗ್ಗೆ. ದೊಡ್ಡಮ್ಮ ಕುವೈತ್‌ನಿಂದ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿ ಒಣಮೀನು ತಂದಿದ್ದರು. ಅದನ್ನು ಬೆಬಿಯಾರ ಕಟ್ಟಿಗೆ ಒಲೆಯ ಮೇಲೆ ಸುಡಲು ಇಟ್ಟರು. ಸ್ವಾನೇತಿ ಎಂಬ ಸೀಮೆ ದಂಡು ನೋಡಿದೆ, ಹಿಮಪಾತ ನೋಡಿದೆ, ಒಣಮೀನಿನ ವಾಸನೆ ನೋಡಿರಲಿಲ್ಲ! ಬೆಬಿಯಾ ಕೊಟ್ಟಿಗೆಯಿಂದ ಓಡಿಬಂದು ಕಿಟಕಿ ಬಾಗಿಲು ಎಲ್ಲ ತೆರೆದು ಬೊಬ್ಬೆ ಹಾಕಿದರು. ದೊಡ್ಡಮ್ಮ ಚಳಿ ಬರುತ್ತದೆಂದು ಎಲ್ಲವನ್ನೂ ಮುಚ್ಚಿ ಬೊಬ್ಬೆ ಹಾಕಿದರು. ಒಬ್ಬರದು ಸ್ವಾನ್ ಭಾಷೆ, ಒಬ್ಬರದು ತುಳು. ಇಬ್ಬರೂ ಒಂದೇ ವಿಷಯ ಹೇಳುತ್ತಿದ್ದಾರೆ ಎಂದು ನನಗೂ ಗಿಯಾನಿಗೂ ಏಕಕಾಲಕ್ಕೆ ಹೊಳೆದು, ನಾವಿಬ್ಬರೂ ಕಟ್ಟಿಗೆ ತರುವ ನೆಪದಲ್ಲಿ ಹೊರಗೆ ಹೋದೆವು.

ಅಂದೇ ಸ್ಕೀಯಿಂಗ್. ಊರಿನ ಮೇಲಿನ ಗುಡ್ಡಕ್ಕೆ ಕುರ್ಚಿ ಕಟ್ಟಿದ ತಂತಿಯ ಮೇಲೆ ಹೋಗಬೇಕು. ಅಲ್ಲಿ ಉದ್ದ ಕಾಲಿನ, ತೆಳ್ಳಗಿನ ಒಬ್ಬ ತರಬೇತುದಾರ ನಮಗೆ ಕಲಿಸಲು ಬಂದ. ದೊಡ್ಡಮ್ಮನನ್ನು ಕಂಡು ಅಕ್ಕರೆಯಿಂದ ಹೇಳಿದ, "ನೀವು ಬೇಡ ಅಮ್ಮ. ನಿಮಗೆ ಅಲ್ಲಿ ಮಕ್ಕಳ ಜಾರುಬಂಡಿ ಇದೆ."

ನಾನು ಅನುವಾದ ಮಾಡಬೇಕಾಗಿರಲಿಲ್ಲ, ಅವರಿಗೆ ಇಂಗ್ಲಿಷ್ ಬರುತ್ತದೆ. ಅವನಿಗೆ ಹೇಳಿದ ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ. ಐದು ನಿಮಿಷದಲ್ಲಿ ಅವನೇ ಮಂಡಿಯೂರಿ ಅವರ ಬೂಟಿನ ಕೊಂಡಿ ಹಾಕುತ್ತಿದ್ದ.

ಕಾಲಿಗೆ ಎರಡು ಹಲಗೆ, ಕೈಗೆ ಎರಡು ಕೋಲು, ತಲೆಗೆ ಶಿರಸ್ತ್ರಾಣ, ಅದರ ಕೆಳಗೆ ದೊಡ್ಡಮ್ಮನ ಮುಖ! ನಿಂತರು, ಬಿದ್ದರು. ಎದ್ದರು, ಬಿದ್ದರು. ಬಿದ್ದಾಗಲೆಲ್ಲ ಹಿಮಕ್ಕೆ ಬೈದರು. "ಮಾನ ಮರ್ಯಾದೆ ಉಂಟಾ ನಿನಗೆ? ನಿಲ್ಲು ಹೇಳಿದಲ್ಲಿ ನಿಲ್ಲಲಿಕ್ಕೆ ಆಗುದಿಲ್ವಾ?" ಹಲಗೆಗೆ ಬೈದರು, ಗುಡ್ಡಕ್ಕೆ ಬೈದರು, ಇಳಿಜಾರಿಗೆ ಬೈದರು. ನಿಲ್ಲಬೇಕಾದರೆ ಎರಡೂ ಹಲಗೆಗಳ ತುದಿಯನ್ನು ಮುಂದೆ ಕೂಡಿಸಿ ತ್ರಿಕೋನ ಮಾಡಬೇಕು. ಅದು ಕತ್ತರಿಸಿದ ಪಿಜ್ಜಾದ ಹಾಗೆ ಕಾಣುವುದರಿಂದ ತರಬೇತುದಾರರು "ಪಿಜ್ಜಾ, ಪಿಜ್ಜಾ" ಎಂದು ಕೂಗುತ್ತಾರೆ. ದೊಡ್ಡಮ್ಮ ಮೊದಲ ಸಲ ಸ್ವಲ್ಪ ದೂರ ಜಾರತೊಡಗಿದಾಗ ಅವನು ಹಿಂದಿನಿಂದ ಓಡುತ್ತ ಕೂಗಿದ, "ಪಿಜ್ಜಾ! ಅಮ್ಮ, ಪಿಜ್ಜಾ!"

ದೊಡ್ಡಮ್ಮ ಜಾರುತ್ತಲೇ ನನ್ನತ್ತ ಕೂಗಿದರು, "ನನಗೆ ಹಸಿವೆ ಇಲ್ಲ ಅಂತ ಹೇಳು ಅವನಿಗೆ!"

ಹೇಳುವಷ್ಟರಲ್ಲಿ ಒಂದು ಬಲೆಯ ಬೇಲಿಯಲ್ಲಿ ಸಿಕ್ಕಿಕೊಂಡಿದ್ದರು, ಬಂಗುಡೆ ಮೀನಿನ ಹಾಗೆ.

ನಗು ಬಂತೇ? ನಮಗೂ ಆಗ ಬಂದಿತ್ತು. ಆದರೆ ಇಡೀ ದಿನ ಅದೇ ನಡೆದರೆ ನಗು ಎಷ್ಟು ಹೊತ್ತು ಉಳಿಯುತ್ತದೆ? ನಾನು ಬಿದ್ದರೆ "ಎಮ್ಮೆ" ಎಂದರು. ಹೆಂಡತಿಗೆ ಕಾಲು ನೋವಾಗಿ ಕೂತರೆ "ಹುಬ್ಬಳ್ಳಿಯವರಿಗೆ ಇಷ್ಟೇಯಾ ಗಟ್ಟಿ?" ಎಂದರು. ಬೆಟ್ಟದ ಫೋಟೋ ತೆಗೆಯಲು ನಿಂತರೆ, "ಬೆಟ್ಟ ಎಲ್ಲಿಗೂ ಓಡಿ ಹೋಗುದಿಲ್ಲ, ಬಾ ಈಚೆ" ಎಂದರು. ಸೂರ್ಯ ಇಳಿಯುವಾಗ ಬಿಳಿ ಶಿಖರಗಳೆಲ್ಲ ಕೇಸರಿ ಬಣ್ಣಕ್ಕೆ ತಿರುಗಿದವು. ನನ್ನ ಹೆಂಡತಿ ಅದನ್ನು ನೋಡುತ್ತ ಬೆಂಚಿನ ಮೇಲೆ ಕೂತಿದ್ದಳು. ಮರುಭೂಮಿಯ ಊರಿನಲ್ಲಿ ಲ್ಯಾಬಿನ ಟ್ಯೂಬ್‌ಲೈಟಿನ ಕೆಳಗೆ ದಿನ ಕಳೆಯುವವಳು, ಆ ಒಂದು ಗಳಿಗೆಗಾಗಿಯೇ ಬಂದಿದ್ದಳು. ದೊಡ್ಡಮ್ಮ ಅವಳೆದುರು ಬಂದು ನಿಂತು ಒದ್ದೆ ಕಾಲುಚೀಲದ ಬಗ್ಗೆ ಉಪನ್ಯಾಸ ಶುರುಮಾಡಿದರು. ಮಾತು ಮುಗಿಯುವಾಗ ಬೆಟ್ಟ ಬೂದಿಬಣ್ಣಕ್ಕೆ ತಿರುಗಿತ್ತು.

ಊಟಕ್ಕೆ ಕೂತಾಗ ದೊಡ್ಡಮ್ಮ, "ನಾಳೆ ಬೇಗ ಏಳಬೇಕು, ಇವತ್ತಿನ ಹಾಗೆ ಸೋಮಾರಿತನ ನಡೆಯುದಿಲ್ಲ" ಎಂದರು. ಹೆಂಡತಿ ಚಮಚ ಕೆಳಗಿಟ್ಟಳು.

"ಸಾಕ್ ಮಾಡ್ರಿ ದೊಡ್ಡಮ್ಮಾ. ನೀವು ಬೈಯೂದು ನಮ್ಮ ಒಳ್ಳೇದಕ್ಕ ಅಂತ ಎಲ್ಲಾರೂ ಅಂತಾರ. ನನಗ ಒಳ್ಳೇದು ಬ್ಯಾಡ್ರಿ. ಒಂದ್ ದಿನ, ಒಂದೇ ದಿನ ಸುಮ್ನ ಇರ್ರಿ."

ನಾನು ಅವಳನ್ನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಚಪ್ಪಾಳೆ ತಟ್ಟುವ ಮನಸ್ಸಾಗಿತ್ತು. ಒಲೆಯ ಹತ್ತಿರ ಬೆಬಿಯಾ ಕೂಡ ತಿರುಗಿ ನಿಂತರು. ದೊಡ್ಡಮ್ಮ ಅವಳನ್ನೇ ನೋಡಿದರು. ಆಮೇಲೆ ಎದ್ದು ತಮ್ಮ ಕೋಣೆಗೆ ಹೋದರು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅವರ ಬಾಗಿಲು ಹಾಗೆ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಬೆಳಗಾದಾಗ ಹೊರಗೆ ಏನೂ ಕಾಣಿಸುತ್ತಿರಲಿಲ್ಲ, ಹಾಗೆ ಹಿಮ ಬೀಳುತ್ತಿತ್ತು. ದೊಡ್ಡಮ್ಮ ಚಹಾ ಮಾಡಲು ಅಡುಗೆಮನೆಗೆ ಬಂದರು. ನಮ್ಮಿಬ್ಬರ ಮುಖ ನೋಡಲಿಲ್ಲ. ಬೆಬಿಯಾ ಒಲೆಯ ಮುಂದಿದ್ದರು. ದೊಡ್ಡಮ್ಮ ಅಭ್ಯಾಸದಂತೆ ಅವರ ಕೆಟಲನ್ನು ಸರಿಸಿ ತಮ್ಮ ಪಾತ್ರೆ ಇಟ್ಟು, "ಇಷ್ಟು ಹೊಗೆಯಲ್ಲಿ ಎಂತ ಅಡುಗೆ ಮಾಡುದು ಮಾರಾಯ್ತಿ!" ಎಂದರು.

ಉತ್ತರ ಬರಲಿಲ್ಲ.

ದೊಡ್ಡಮ್ಮ ತಿರುಗಿದರು. ಬೆಬಿಯಾ ಒಂದು ಕೈಯಲ್ಲಿ ಮೇಜು ಹಿಡಿದು ನಿಂತಿದ್ದರು. ಇನ್ನೊಂದು ಕೈ ಎದೆಯ ಮೇಲಿತ್ತು. ಅಷ್ಟು ಚಳಿಯಲ್ಲಿ ಹಣೆಯಿಂದ ಬೆವರು ಇಳಿಯುತ್ತಿತ್ತು. ಬೀಳುವ ಮೊದಲೇ ದೊಡ್ಡಮ್ಮ ಅವರನ್ನು ತಬ್ಬಿ ಹಿಡಿದು ಗೋಡೆಗೆ ಒರಗಿಸಿ ಕೂರಿಸಿದರು. ನಾಡಿ ಹಿಡಿದರು. "ನನ್ನ ಬ್ಯಾಗ್!" ಎಂದು ಕೂಗುವಷ್ಟರಲ್ಲಿ ನನ್ನ ಹೆಂಡತಿ ತಂದು ಕೊಟ್ಟಾಗಿತ್ತು. ಅದರಿಂದ ಆಸ್ಪಿರಿನ್ ತೆಗೆದು ಬೆಬಿಯಾರ ಬಾಯಿಗಿಟ್ಟು, ತಾವೇ ಅಗಿಯುವಂತೆ ದವಡೆ ಆಡಿಸಿ ತೋರಿಸಿದರು. ಬೆಬಿಯಾ ಮುಖ ತಿರುಗಿಸಿದರು. ದೊಡ್ಡಮ್ಮ ಗಲ್ಲ ಹಿಡಿದು ಈಚೆ ತಿರುಗಿಸಿದರು.

"ಜಗಿ! ನಾನು ನಿನ್ನ ಆಲೂಗಡ್ಡೆ ತಿನ್ನಲಿಲ್ವಾ?"

ಬೆಬಿಯಾ ಜಗಿದರು.

"ಹಾರ್ಟು. ಗಾಡಿ ತೆಗೀಲಿಕ್ಕೆ ಹೇಳು. ಯಲ್ಲಾ, ಬೇಗ!" ಎಂದರು ನನಗೆ. ಗಿಯಾ ಆಗಲೇ ಅಂಗಳದಲ್ಲಿ ಗಾಡಿಯ ಮೇಲಿನ ಹಿಮವನ್ನು ತೋಳಿನಿಂದ ಬಳಿಯುತ್ತಿದ್ದ.

ಹಿಂದಿನ ಸೀಟಿನಲ್ಲಿ ಬೆಬಿಯಾ, ಅವರ ತಲೆಯನ್ನು ಎದೆಗೊರಗಿಸಿಕೊಂಡು ದೊಡ್ಡಮ್ಮ, ಆಚೆ ಬದಿಗೆ ಕಾಲು ಹಿಡಿದುಕೊಂಡು ನನ್ನ ಹೆಂಡತಿ. ಮುಂದೆ ನಾನು. ಗಾಡಿ ಆಮೆಯ ಹಾಗೆ ಇಳಿಯುತ್ತಿತ್ತು. ರಸ್ತೆ ಯಾವುದು, ಪ್ರಪಾತ ಯಾವುದು ಎಂದು ಗಿಯಾನಿಗೆ ನೆನಪಿನಿಂದ ಮಾತ್ರ ಗೊತ್ತಿತ್ತು. ಬೆಬಿಯಾರ ಕಣ್ಣು ಮೆಲ್ಲಗೆ ಮುಚ್ಚತೊಡಗಿತು.

ಆಗ ದೊಡ್ಡಮ್ಮ ಶುರು ಮಾಡಿದರು.

"ಏಯ್! ಕಣ್ಣು ಬಿಡು! ಎಲ್ಲಿಗೆ ಹೊರಟದ್ದು ನೀನು? ನಿನ್ನ ಒಲೆಯಲ್ಲಿ ಹೊಗೆ, ನಿನ್ನ ಹಾಸಿಗೆಯಲ್ಲಿ ಮುಳ್ಳು, ನಿನ್ನ ಉಪ್ಪು ಕಹಿ, ಇದಕ್ಕೆಲ್ಲ ಯಾರು ಉತ್ತರ ಕೊಡುದು? ಕಣ್ಣು ಬಿಡು ಹೇಳಿದ್ದು!"

ಬೆಬಿಯಾ ಕಣ್ಣು ಬಿಟ್ಟರು. ಏನೋ ಗೊಣಗಿದರು. ಗಿಯಾ ಕನ್ನಡಿಯಲ್ಲಿ ನೋಡುತ್ತ ಒದ್ದೆ ಧ್ವನಿಯಲ್ಲಿ ಹೇಳಿದ, "ನಿನ್ನ ಮೀನು ನಾರುತ್ತದೆ ಎನ್ನುತ್ತಿದ್ದಾಳೆ."

"ನಾರ್ತದಾ? ನಿನ್ನ ಚೀಸ್ ಎಂತ, ಮಲ್ಲಿಗೆಯಾ? ಹೇಳು, ಇನ್ನೂ ಹೇಳು! ಸುಮ್ಮನಿರಬೇಡ!"

ಇಡೀ ದಾರಿ ಹೀಗೆ ಬಂದೆವು. ಇವರು ಬೈದರು, ಅವರು ಉಸಿರು ಸಿಕ್ಕಿದಷ್ಟು ತಿರುಗಿ ಬೈದರು. ಉತ್ತರ ತಡವಾದಾಗಲೆಲ್ಲ ದೊಡ್ಡಮ್ಮನ ಬೆರಳು ಅವರ ಮಣಿಕಟ್ಟಿಗೆ ಒತ್ತುತ್ತಿತ್ತು, ಸ್ವರ ಏರುತ್ತಿತ್ತು. ಹಿಂದಿನ ಸಂಜೆ "ಸುಮ್ನ ಇರ್ರಿ" ಎಂದಿದ್ದ ನನ್ನ ಹೆಂಡತಿಯೇ ಈಗ, "ಬೈರಿ ದೊಡ್ಡಮ್ಮಾ, ನಿಲ್ಲಿಸಬ್ಯಾಡ್ರಿ, ಬೈರಿ" ಎನ್ನುತ್ತಿದ್ದಳು. ತಿರುವಿನಲ್ಲಿ ಒಂದು ಇಗರ್ಜಿ ಬಂತು. ಗಿಯಾನ ಗಡ್ಡ ಮೇಲೆದ್ದಿತು. "ಕೈಯಲ್ಲೇ ಮಾಡು" ಎಂದರು ದೊಡ್ಡಮ್ಮ, ತಗ್ಗಿದ ಸ್ವರದಲ್ಲಿ. "ನನ್ನ ಲೆಕ್ಕದಲ್ಲಿಯೂ ಒಂದು ಮಾಡು."

ಮೆಸ್ತಿಯಾದ ಆಸ್ಪತ್ರೆ ಚಿಕ್ಕದು, ಆದರೆ ಬಾಗಿಲಲ್ಲೇ ಸ್ಟ್ರೆಚರ್ ಇತ್ತು, ಓಡಿಬರುವ ಜನರಿದ್ದರು. ದೊಡ್ಡಮ್ಮ ಅವರ ಜೊತೆಯಲ್ಲೇ ಒಳಗೆ ಹೋಗಿ, ಏನಾಯಿತು, ಏನು ಕೊಟ್ಟೆ ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು. ನಾವು ಹೊರಗೆ ಕಾದೆವು. ಬಹಳ ಹೊತ್ತಿನ ಮೇಲೆ ವೈದ್ಯೆ ಬಂದು ಗಿಯಾನ ಭುಜ ತಟ್ಟಿದಳು. ಸಮಯಕ್ಕೆ ಬಂದಿರಿ, ಈಗ ಪರವಾಗಿಲ್ಲ, ಹಿಮ ನಿಂತ ಮೇಲೆ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ ಎಂದಳು. ಗಿಯಾ ಗೋಡೆಗೆ ಮುಖವಿಟ್ಟು ಅತ್ತ. ಆಮೇಲೆ ಒಳಗೆ ಹೋಗಿ ಬಂದು ಕಣ್ಣೊರೆಸಿಕೊಂಡು ನನಗೆ ಹೇಳಿದ, "ಅಮ್ಮ ಮುಖದ ಮೇಲಿನ ಆಮ್ಲಜನಕದ ಮಾಸ್ಕ್ ಸರಿಸಿ ಮಾತಾಡಿದಳು. ನಾನಿಲ್ಲದಾಗ ಆ ಹೆಂಗಸನ್ನು ನನ್ನ ಒಲೆಯ ಹತ್ತಿರ ಬಿಡಬೇಡ ಎಂದಳು."

ಅದನ್ನು ದೊಡ್ಡಮ್ಮನಿಗೆ ಹೇಳಲು ಹೋದೆ. ಅವರು ಕಾರಿಡಾರಿನ ಕೊನೆಯಲ್ಲಿ ಬೆಂಚಿನ ಮೇಲೆ ಕೂತಿದ್ದರು. ಸ್ವೆಟರಿನ ಗುಂಡಿ ಹಾಕಿಕೊಳ್ಳಲು ನೋಡುತ್ತಿದ್ದರು. ಗುಂಡಿ ತೂತಿಗೆ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಕೂತೆ. ನನ್ನ ಹೆಂಡತಿ ಎದುರು ಮಂಡಿಯೂರಿ ಒಂದೊಂದಾಗಿ ಗುಂಡಿ ಹಾಕಿದಳು. ದೊಡ್ಡಮ್ಮ ಬೈಯಲಿಲ್ಲ.

"ನಿನ್ನ ಅಮ್ಮ ಹೋದಾಗ" ಎಂದರು, ನನ್ನನ್ನು ನೋಡದೆ.

ನನ್ನ ಅಮ್ಮ ಹೋದದ್ದು ಜಗತ್ತಿನ ವಿಮಾನಗಳೆಲ್ಲ ನಿಂತುಹೋಗಿದ್ದ ಆ ಕೆಟ್ಟ ಕಾಲದಲ್ಲಿ. ನಾನೂ ದೊಡ್ಡಮ್ಮನೂ ಕುವೈತ್‌ನಲ್ಲಿ ಸಿಕ್ಕಿಬಿದ್ದಿದ್ದೆವು. ಅಮ್ಮ ಊರಿನ ಮನೆಯಲ್ಲಿ ಮಲಗಿದ್ದಳು, ಹತ್ತಿರ ಇದ್ದದ್ದು ಸೋದರಮಾವ ಒಬ್ಬನೇ. ನನಗೆ ಗೊತ್ತಿದ್ದದ್ದು ಇಷ್ಟೇ.

"ನಾನು ಡ್ಯೂಟಿಯಲ್ಲಿದ್ದೆ. ಫೋನು ಮಾಡಿದೆ. ಉಸಿರು ನಿಧಾನ ಆಗ್ತಾ ಉಂಟು ಅಂದ ನಿನ್ನ ಮಾವ. ಫೋನು ಅವಳ ಕಿವಿಗೆ ಇಡು ಅಂತ ಹೇಳಿದೆ. ಅವನು ಇಡ್ಲಿಲ್ಲ. 'ಈಗಲೂ ಬೈಬೇಡಿ ಅಕ್ಕ, ಪಾಪ, ಅವಳು ನೆಮ್ಮದಿಯಲ್ಲಿ ಹೋಗ್ಲಿ' ಅಂದ."

ಎಲ್ಲಿಯೋ ಒಂದು ಟ್ರಾಲಿ ಉರುಳಿತು. ದೊಡ್ಡಮ್ಮ ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು.

"ನೆಮ್ಮದಿಯಂತೆ! ಒಂದು ಸಲ ಇಟ್ಟಿದ್ರೆ... ಏಳುತ್ತಿದ್ದಳೋ ಇಲ್ವೋ, ಅದು ಬೇರೆ. ಇಷ್ಟು ಜನರಿಗೆ ಬೈದೆ ನಾನು, ಗುರುತಿಲ್ಲದವರಿಗೆಲ್ಲ. ಅವಳಿಗೆ ಆಗ್ಲಿಲ್ಲ."

ನಾನು ಕೇಳಿದೆ, "ಇಟ್ಟಿದ್ರೆ ಎಂತ ಹೇಳ್ತಿದ್ರಿ ದೊಡ್ಡಮ್ಮ?"

ಅವರು ಸರಕ್ಕನೆ ನನ್ನತ್ತ ತಿರುಗಿದರು. ಕಣ್ಣು ಕೆಂಪಾಗಿತ್ತು.

"ಎಂತ ಹೇಳುದು? ಬೈತಿದ್ದೆ! ಏಯ್ ಜಲಜಾ, ಏಳು ಮೇಲೆ! ಯಾರನ್ನು ಕೇಳಿ ಹೊರಟದ್ದು ನೀನು? ನನಗಿಂತ ಸಣ್ಣವಳು, ನನಗಿಂತ ಮೊದಲು ಹೋಗ್ಲಿಕ್ಕೆ ನಾಚಿಕೆ ಆಗುದಿಲ್ವಾ? ನಿನ್ನ ಮಗನಿಗೆ ಮದುವೆ ಯಾರು ಮಾಡುದು, ನಾನಾ? ನಾನು ಊರಿಗೆ ಬಂದ್ರೆ ಯಾರ ಮನೆಗೆ ಹೋಗುದು? ಬಾಗಿಲು ಯಾರು ತೆಗೀತಾರೆ ನನಗೆ? ಏಳು ಕತ್ತೆ, ಏಳು!"

ಕಾರಿಡಾರಿನಲ್ಲಿ ಬಾಗಿಲೊಂದು ತೆರೆಯಿತು. ಎಳೆಯ ನರ್ಸೊಬ್ಬಳು ತಲೆ ಹೊರಗೆ ಹಾಕಿ, ದೊಡ್ಡಮ್ಮನನ್ನೇ ನೋಡಿ, ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ರೋಗಿಗಳು ಮಲಗಿದ್ದರು.

ದೊಡ್ಡಮ್ಮ ಅವಳಿಗೆ ತಲೆಬಾಗಿದರು. ಸ್ವರ ತಗ್ಗಿಸಿದರು. ಆದರೆ ನಿಲ್ಲಿಸಲಿಲ್ಲ. ಸೆರಗಿನ ತುದಿಯಂತೆ ಸ್ವೆಟರಿನ ಅಂಚನ್ನು ಮುದುಡಿ ಹಿಡಿದುಕೊಂಡು, ಜ್ವರ ಬಂದ ಮಗುವಿನ ತಲೆ ಸವರುವವರ ಹಾಗೆ, ಬಹಳ ಮೆಲ್ಲಗೆ, ಉಳಿದದ್ದನ್ನೆಲ್ಲ ಬೈದು ಮುಗಿಸಿದರು.